ತವರಿಗೆ ಹೋದವರ ಕಾಲಂ

ಹೊಗೆಜ್ವರ ಮೂರನೇ ಸಲ ಬಂದ ವರ್ಷ, ಬೆಟಗೇರಿಯ ಹೆಂಗಸರು ಬಸುರಿಗೆ ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ, ಉತ್ತತ್ತಿ, ಕುಬಸದ ಖಣಗಳ ಜೊತೆಗೆ ಒಂದು ಹಸಿರು ಚೀಟಿಯನ್ನೂ ಇಡತೊಡಗಿದರು. ಯಾವ ಶಾಸ್ತ್ರದಲ್ಲಿ ಬರೆದಿತ್ತೋ ದೇವರಿಗೇ ಗೊತ್ತು. ಮೊದಲು ಯಾರೋ ಒಬ್ಬರು ಇಟ್ಟರು. ಆಮೇಲೆ, ಇಡದಿದ್ದರೆ ನೆರೆಯವರು ಏನೆಂದುಕೊಂಡಾರು ಅಂತ ಎಲ್ಲರೂ ಇಟ್ಟರು. ಎರಡು ವರ್ಷ ಕಳೆಯುವುದರೊಳಗೆ ಅದು ಮುತ್ತಜ್ಜಿಯರ ಕಾಲದಿಂದ ನಡೆದು ಬಂದ ಪದ್ಧತಿಯ ಹಾಗೆ ಕೂತುಬಿಟ್ಟಿತ್ತು.

ಚೀಟಿ ಕೊಡುವ ಯಂತ್ರದ ಹೆಸರು 'ಮುನ್ನರಿವು'. ಅಕ್ಕಿ ಡಬ್ಬಿಯಷ್ಟು ಗಾತ್ರ. ಅದು ಮಾಡುತ್ತಿದ್ದ ಕೆಲಸ ಹೇಳುವುದಕ್ಕೆ ಸುಲಭ. ಬಸುರಿಯ ಮೈ ಒಂದು ವಿಚಿತ್ರ ರಾಜಿ ಮಾಡಿಕೊಂಡಿರುತ್ತದೆ. ಹೊಟ್ಟೆಯ ಕೂಸು ಅರ್ಧ ಬೇರೆಯವರದು. ಅದನ್ನು ಹೊರಗೆ ದಬ್ಬಬಾರದೆಂದು ಮೈಯ ಕಾವಲು ತುಸು ಸಡಿಲಾಗಿರುತ್ತದೆ. ಹೊಗೆಜ್ವರದ ವೈರಾಣು ನುಗ್ಗಿದಾಗ ಬಹಳ ಮಂದಿಯಲ್ಲಿ ಈ ಕಾವಲು ನಿಧಾನಕ್ಕೆ ಎದ್ದು ತನ್ನ ಕೆಲಸ ಮುಗಿಸುತ್ತದೆ. ಕೆಲವರಲ್ಲಿ ಮಾತ್ರ ಗಾಬರಿಬಿದ್ದು ಎದ್ದು, ಕಂಡಕಂಡಲ್ಲಿ ಬಡಿದು, ಪುಪ್ಪುಸದೊಳಗೆ ರಕ್ತ ಹೆಪ್ಪುಗಟ್ಟುವಂತೆ ಮಾಡುತ್ತದೆ. ಆಗ ಎಕ್ಸ್‌ರೇಯಲ್ಲಿ ಎದೆ ತುಂಬ ಹೊಗೆ ಕಾಣುತ್ತದೆ. ಯಾರ ಕಾವಲು ಹೇಗೆ ಏಳುತ್ತದೆ ಅನ್ನುವುದರ ಗುರುತು ಜ್ವರ ಬರುವುದಕ್ಕೆ ಮೊದಲೇ ರಕ್ತದಲ್ಲಿ ಇರುತ್ತದಂತೆ. ಕಾವಲನ್ನು ಎಬ್ಬಿಸುವ ಒಂದು ಪ್ರೋಟೀನು, ಹೆಪ್ಪುಗಟ್ಟಿಸುವ ಇನ್ನೊಂದು, ಹೊಟ್ಟೆಯ ಕೂಸನ್ನು ಪೋಷಿಸುವ ಮಾಸಿನಿಂದ ಇಳಿದು ಬರುವ ಮತ್ತೊಂದು. ಯಂತ್ರ ಈ ಮೂರನ್ನೂ ಅಳೆದು ಚೀಟಿ ಉಗುಳುತ್ತಿತ್ತು. ಹಸಿರು ಬಂದರೆ, ಜ್ವರ ಬಂದರೂ ಹಗುರಾಗಿ ಹೋಗುತ್ತದೆ, ಮನೆಯಲ್ಲೇ ಇರು. ಕೆಂಪು ಬಂದರೆ, ಹೆರಿಗೆಯವರೆಗೆ ಕಾಪುಮನೆಯೆಂಬ ಪ್ರತ್ಯೇಕ ವಾರ್ಡಿನಲ್ಲಿರು. ಜ್ವರಕ್ಕೆ ಇದ್ದ ಒಂದೇ ಚುಚ್ಚುಮದ್ದು ಸಾಕಷ್ಟು ತಯಾರಾಗುತ್ತಿರಲಿಲ್ಲ, ಹಾಗಾಗಿ ಅದೂ ಕೆಂಪು ಚೀಟಿಯವರಿಗೆ ಮಾತ್ರ.

ಯಂತ್ರದ ಮುಂದೆ ಕೂರುವವಳು ನೀಲಗಂಗಾ. ಗರ್ಭರಕ್ಷಾ ಪ್ರಯೋಗಾಲಯದಲ್ಲಿ ಹನ್ನೊಂದು ವರ್ಷದಿಂದ ಟೆಕ್ನೀಷಿಯನ್. ಮಗ್ಗದ ಮನೆಯ ಹುಡುಗಿ, ಗಾಜಿನ ನಳಿಗೆ ತೊಳೆಯುವ ಕೆಲಸಕ್ಕೆಂದು ಬಂದವಳು. ಡಾಕ್ಟರ್ ವಿಜಯಮಾಲಾ ಮೇಡಂ ಅವಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕೆಲಸ ಕಲಿಸಿದರು, ಡಿಪ್ಲೊಮಾ ಓದಿಸಿದರು, ಅಪ್ಪ ತೀರಿಕೊಂಡಾಗ ಮೂರು ದಿನ ಮನೆಗೆ ಊಟ ಕಳಿಸಿದರು. ಮುನ್ನರಿವು ಯಂತ್ರವನ್ನು ಕಟ್ಟಿದವರೂ ಅವರೇ. ನೀಲಗಂಗಾ ಅವರ ಪಟವನ್ನು ದೇವರ ಜಗಲಿಯ ಮೇಲೆ ಇಟ್ಟಿರಲಿಲ್ಲ, ಅಷ್ಟೇ.

ಯಂತ್ರಕ್ಕೆ ಬುದ್ಧಿ ಕಲಿಸಿದ ಬಗೆಯೂ ಅವಳಿಗೆ ಗೊತ್ತಿತ್ತು, ಏಕೆಂದರೆ ಪಾಠ ಬರೆದುಕೊಟ್ಟವಳು ಅವಳೇ. ಎರಡನೇ ಸಲದ ಜ್ವರದಲ್ಲಿ ಎರಡು ಸಾವಿರ ಬಸುರಿಯರ ರಕ್ತ ತೆಗೆದಿಟ್ಟು, ಆಮೇಲೆ ತಿಂಗಳಿಗೊಮ್ಮೆ ಅವರ ಮನೆಗಳಿಗೆ ಫೋನು ಮಾಡುವುದು. ಜ್ವರ ಬಂತೇ, ಹಗುರಾಗಿ ಹೋಯಿತೇ, ಗಂಭೀರವಾಯಿತೇ? ಉತ್ತರವನ್ನು ಕಾಲಮ್ಮಿನಲ್ಲಿ ಬರೆಯುವುದು. ಮಾತು ಬದಲಾಗುವುದು ಹೆಚ್ಚು, ಆದ್ದರಿಂದ ಕಾಲಂ ಪೆನ್ಸಿಲ್ಲಿನಲ್ಲಿ. ಹಾಳೆ ಮುಗಿದ ಮೇಲೆ ಕೆಳಗೆ ಪೆನ್ನಿನಲ್ಲಿ ಅವಳ ಸಹಿ. ಇದು ಮೇಡಂ ಹಾಕಿಕೊಟ್ಟ ರೂಢಿ.

ತೊಡಕಿದ್ದದ್ದು ಒಂದೇ. ಬರೆಸಿದ ಫೋನ್ ನಂಬರು ಗಂಡನ ಮನೆಯದು, ಏಳನೇ ತಿಂಗಳು ತುಂಬುತ್ತಲೇ ಬಸುರಿ ತವರಿಗೆ. ಎಂಟನೇ ತಿಂಗಳು ಫೋನು ಮಾಡಿದರೆ ಅತ್ತೆ ಎತ್ತುತ್ತಿದ್ದಳು.

"ತವರಿಗೆ ಹೋಗ್ಯಾಳ್ರಿ. ಆರಾಮ ಅದಾಳ."

ಆ ಅತ್ತೆಗೆ ನಿಜವಾಗಿ ಗೊತ್ತಿತ್ತೋ ಇಲ್ಲವೋ, ಕೇಳುವುದೇ ಬೇಡ. ಬಸುರಿ ಸೊಸೆಯ ಬಗ್ಗೆ ಪರರ ಮುಂದೆ ಅಶುಭ ನುಡಿಯುವ ಅತ್ತೆ ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಮನೆಯೊಳಗೆ ಎಷ್ಟೇ ಬೈದಿರಲಿ, ಫೋನಿನಲ್ಲಿ ಮಾತ್ರ ಆರಾಮ ಅದಾಳ. ನೀಲಗಂಗಾ ಇದನ್ನು ಬಲ್ಲವಳು. ಅಂಥವರ ಎದುರಿಗೆ 'ತವರು' ಎಂದು ಬರೆದಳು. ಗೊತ್ತಿಲ್ಲ, ತವರಿನಲ್ಲಿ ವಿಚಾರಿಸಬೇಕು ಅಂತ ಅದರ ಅರ್ಥ. ಆರುನೂರಕ್ಕೂ ಮಿಕ್ಕಿ ಹೀಗಾದಾಗ ಮೇಡಂ ಹತ್ತಿರ ಹೋಗಿ ಹೇಳಿದಳು. "ಅದನ್ನ ನಾ ನೋಡ್ಕೋತೀನಿ ಬಿಡು" ಅಂದರು ಅವರು. ಮೇಡಂ ನೋಡಿಕೊಳ್ಳುತ್ತೇನೆ ಅಂದ ಮೇಲೆ ಮುಗಿಯಿತಲ್ಲ? ಅವಳು ನೆಮ್ಮದಿಯಿಂದ ಸಹಿ ಹಾಕಿದಳು.

ನೀಲಗಂಗಾಳ ತಂಗಿ ರೋಹಿಣಿಯನ್ನು ಇಳಕಲ್ಲಿಗೆ ಕೊಟ್ಟಿತ್ತು. ಮದುವೆಯಾಗಿ ಐದು ವರ್ಷಕ್ಕೆ ನಿಂತ ಬಸಿರು. ಏಳು ತುಂಬಿದ ವಾರ ಬೆಟಗೇರಿಗೆ ಬಂದಳು, ಬಂದ ಮಾರನೆಯ ದಿನವೇ ಅಕ್ಕನ ಕೌಂಟರಿನ ಮುಂದೆ ಸಾಲಿನಲ್ಲಿ ಕೂತಳು.

"ಅಕ್ಕಾ, ಕೆಂಪ ಬಂದ್ರ ನಮ್ಮತ್ತಿಗೆ ಏನ ಹೇಳ್ಲಿ?" ಎಂದು ನಗುತ್ತಲೇ ಕೇಳಿದಳು. ನಗುವಿನೊಳಗೆ ಹೆದರಿಕೆ ಇತ್ತು. ಕೆಂಪು ಬಂದವರನ್ನು ಜನ ಆಡಿಕೊಳ್ಳುತ್ತಿದ್ದರು, ಅವರ ರಕ್ತವೇ ಕೆಟ್ಟದ್ದು ಅನ್ನುವ ಹಾಗೆ.

ಹಸಿರು ಬಂತು. ಮಾಸಿನ ಪ್ರೋಟೀನು ಎಲ್ಲರಿಗಿಂತ ಎತ್ತರದಲ್ಲಿತ್ತು, ಆದರೆ ಅದು ಕೆಡುಕಿನ ಗುರುತಲ್ಲವೆಂದು ಯಂತ್ರ ಕಲಿತುಬಿಟ್ಟಿತ್ತು. ಅವ್ವ ಬಸಲಿಂಗವ್ವ ಚೀಟಿಯನ್ನು ಕಣ್ಣಿಗೊತ್ತಿಕೊಂಡಳು. ಉಡಿ ತುಂಬುವ ಕುಬಸದ ದಿನ ಹಸಿರು ಸೀರೆ, ಹಸಿರು ಬಳೆ, ಉಡಿಯಲ್ಲಿ ಹಸಿರು ಚೀಟಿ. ಓಣಿಯ ಹೆಂಗಸರು ರೋಹಿಣಿಯನ್ನು ಕಾಡಿಸಿ ಗಂಡನ ಹೆಸರು ಹೇಳಿಸಿದರು, ಅವಳು "ನಮ್ಮ ವೀರೇಶ" ಅಂತ ಎಡವಟ್ಟಾಗಿ ಹೇಳಿ ಮುಖ ಮುಚ್ಚಿಕೊಂಡಳು. ನೀಲಗಂಗಾ ಅಷ್ಟು ಸಂತೋಷವಾಗಿ ಇದ್ದದ್ದು ಅಪರೂಪ.

ಹದಿನೆಂಟು ದಿನಕ್ಕೆ ರೋಹಿಣಿಗೆ ಜ್ವರ ಬಂತು.

ಯಾರೂ ಗಾಬರಿಯಾಗಲಿಲ್ಲ. ಹತ್ತಿರದ ದವಾಖಾನೆಯ ಡಾಕ್ಟರು ಚೀಟಿ ನೋಡಿ, "ಹಸಿರ ಐತಲ್ರೀ, ಮನಿಗೆ ಕರಕೊಂಡು ಹೋಗ್ರಿ. ಗಂಜಿ ಕುಡೀಲಿ" ಎಂದು ಜ್ವರದ ಗುಳಿಗೆ ಬರೆದುಕೊಟ್ಟರು. ಎರಡನೆಯ ದಿನ ಮೈಕೈ ನೋವು. ಮೂರನೆಯ ದಿನ ಬೆಳಿಗ್ಗೆ ನೀಲಗಂಗಾ ಕೆಲಸಕ್ಕೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದಾಗ ರೋಹಿಣಿ ಗೋಡೆಗೆ ಒರಗಿ ಕೂತು ಕರೆದಳು.

"ಅಕ್ಕಾ, ಯಾಕೋ ಉಸಿರ ಹತ್ತವಲ್ದು."

"ಹೊಟ್ಟಿ ಮ್ಯಾಲಕ್ಕ ಬಂದೈತಲ್ಲ, ಹಂಗಾಗ್ತೈತಿ." ನೀಲಗಂಗಾ ದೇವರ ಜಗಲಿಯ ಮೇಲಿದ್ದ ಚೀಟಿಯನ್ನು ತೆಗೆದು ಮತ್ತೊಮ್ಮೆ ಓದಿದಳು. "ಹಸಿರ ಬಂದೈತಿ ನಿನಗ. ನಾನ ಟೆಸ್ಟ್ ಮಾಡೀನಿ. ಸುಮ್ನ ಹೆದರಬ್ಯಾಡ."

ಅಕ್ಕ ಹೇಳಿದ ಮೇಲೆ ರೋಹಿಣಿ ಸುಮ್ಮನಾದಳು. ಮಧ್ಯಾಹ್ನದ ಹೊತ್ತಿಗೆ ಅವಳ ತುಟಿ ನೀಲಿಯಾಗಿತ್ತು. ಅವ್ವನ ಫೋನು ಬಂದಾಗ ನೀಲಗಂಗಾ ನಲವತ್ತೊಂದನೆಯ ಹಸಿರು ಚೀಟಿ ಹರಿದುಕೊಡುತ್ತಿದ್ದಳು.

ಕಾಪುಮನೆಯ ತೀವ್ರ ನಿಗಾ ಘಟಕದಲ್ಲಿ ಹಾಸಿಗೆ ಸಿಕ್ಕಿತು. ಚುಚ್ಚುಮದ್ದಿಗೆ ಮಾತ್ರ ಎರಡು ತಾಸು ಜಗಳವಾಡಬೇಕಾಯಿತು, ಹಸಿರು ಚೀಟಿಯವಳಿಗೆ ಕೊಡುವ ನಿಯಮ ಇರಲಿಲ್ಲ. ನೀಲಗಂಗಾ ತಂಗಿಯ ರಕ್ತವನ್ನು ಲ್ಯಾಬಿಗೆ ಒಯ್ದು ಮತ್ತೆ ಯಂತ್ರಕ್ಕೆ ಕೊಟ್ಟಳು. ಒಂದೂವರೆ ನಿಮಿಷದ ಮೇಲೆ ಹಸಿರು ಚೀಟಿ ಬಂತು. ಇನ್ನೊಮ್ಮೆ ಕೊಟ್ಟಳು. ಹಸಿರು. ಎಕ್ಸ್‌ರೇಯಲ್ಲಿ ಎದೆ ತುಂಬ ಹೊಗೆ ಕಟ್ಟಿಕೊಂಡ ಹೆಣ್ಣುಮಗಳಿಗೆ ಆ ಡಬ್ಬಿ ಆರಾಮ ಅದೀ, ಆರಾಮ ಅದೀ ಅನ್ನುತ್ತಲೇ ಇತ್ತು. ಅವಳಿಗೆ ಅದನ್ನು ಎತ್ತಿ ನೆಲಕ್ಕೆ ಅಪ್ಪಳಿಸಬೇಕೆನ್ನಿಸಿತು.

ವಾರ್ಡಿನ ಹೊರಗಿನ ಬೆಂಚಿನಲ್ಲಿ ಅವಳು ಕೂತಿದ್ದಾಗ ದಿಲ್ಶಾದ್ ಸಿಸ್ಟರ್ ಚಹಾ ತಂದುಕೊಟ್ಟಳು. ಅಲ್ಲಿ ಎಂಟು ವರ್ಷದಿಂದ ಇದ್ದ ನರ್ಸು, ಮನಸ್ಸು ಒಳ್ಳೆಯದು, ಬಾಯಿ ಸ್ವಲ್ಪ ಸಡಿಲು.

"ಮೊದಲ ಇಲ್ಲೇ ತಂದು ಇಟ್ಟಿದ್ರ ಚಲೋ ಇತ್ತಲ್ರೀ ಅಕ್ಕಾರ. ನಿಮ್ಮ ಮೇಡಂ ನೋಡ್ರಿ, ಮಗಳನ್ನ ಏಳರಾಗ ತಂದು ಬಿಟ್ರು. ಹೆರಿಗಿ ಆಗೋತನಾ ಇದ ವಾರ್ಡು, ಮೂಲಿ ಖೋಲಿ. ಹೊರಗಿನ ಗಾಳಿ ಸೈತ ತಾಕಗೊಡಲಿಲ್ಲ."

"ಯಾರು, ಅನುಪಮಾ?"

"ಮತ್ಯಾರು? ಮೇಡಂಗ ಇರಾಕಿ ಒಬ್ಬಾಕಿ ಮಗಳು."

ನೀಲಗಂಗಾಳ ಕೈಯಲ್ಲಿದ್ದ ಚಹಾ ಹಾಗೇ ಉಳಿಯಿತು. ಅನುಪಮಾಳ ರಕ್ತ ತೆಗೆದವಳು ಅವಳೇ. ಹಸಿರು ಬಂದಿತ್ತು. ಮೇಡಂ ಇಡೀ ಲ್ಯಾಬಿಗೆ ಪೇಢೆ ಹಂಚಿದ್ದರು. ಮಗಳು ಪುಣೆಯಲ್ಲಿ ಅತ್ತೆಯ ಮನೆಯಲ್ಲೇ ಹೆರುತ್ತಾಳೆ, ಅವರಲ್ಲಿ ಹಾಗೇ ರೂಢಿ ಅಂತ ಹೇಳಿದ್ದರು. ಅದೇ ದಿನ ಸಾಲಿನಲ್ಲಿದ್ದ ಎಷ್ಟೋ ಹೆಂಗಸರು "ಮೇಡಂ ಮಗಳಿಗೂ ಹಸಿರಂತ" ಎಂದು ಧೈರ್ಯ ತಂದುಕೊಂಡು ಮನೆಗೆ ಹೋಗಿದ್ದರು.

ಅವಳು ಎದ್ದು ನೇರ ಲ್ಯಾಬಿಗೆ ಬಂದಳು. ಹಳೆಯ ಸಮೀಕ್ಷೆಯ ಹಾಳೆಗಳು ಕಪಾಟಿನ ಕೆಳಖಾನೆಯಲ್ಲಿ ಕಟ್ಟುಕಟ್ಟಾಗಿ ಇದ್ದವು. ಕಂಪ್ಯೂಟರಿಗೆ ಏರಿಸಿದ ಮೇಲೆ ಅವನ್ನು ಯಾರೂ ಮುಟ್ಟಿರಲಿಲ್ಲ. ಮೊದಲ ಕಟ್ಟು ಬಿಚ್ಚಿದಳು. ಅವಳು 'ತವರು' ಎಂದು ಬರೆದಿದ್ದ ಜಾಗದಲ್ಲೆಲ್ಲ 'ಆರಾಮ' ಎಂದಿತ್ತು. ರಬ್ಬರಿನಿಂದ ಉಜ್ಜಿದ ಗುರುತು ಬೆರಳಿಗೆ ಒರಟಾಗಿ ತಾಕುತ್ತಿತ್ತು. ಅಕ್ಷರ ಮೇಡಂದು. ಹನ್ನೊಂದು ವರ್ಷ ನೋಡಿದ ಅಕ್ಷರ, ಗುರುತು ಹಿಡಿಯಲು ಕನ್ನಡಕ ಬೇಕಿರಲಿಲ್ಲ. ಎರಡನೇ ಕಟ್ಟು, ಮೂರನೇ ಕಟ್ಟು. ಆರುನೂರ ಹನ್ನೆರಡು ಸಲ ಆರಾಮ. ಪ್ರತಿ ಹಾಳೆಯ ಕೆಳಗೂ ನೀಲಿ ಮಸಿಯಲ್ಲಿ ಅವಳದೇ ಸಹಿ.

ಅಲ್ಲಿ ಏನಾಗಿದೆ ಅನ್ನುವುದು ಅವಳಿಗೆ ನಿಂತಲ್ಲೇ ತಿಳಿಯಿತು. ಮಾಸಿನ ಪ್ರೋಟೀನು ಏರುವುದೇ ಏಳನೇ ತಿಂಗಳ ಮೇಲೆ. ಅದು ಏರಿ ಕಾಯಿಲೆಬಿದ್ದವರು ಬಿದ್ದದ್ದು ತವರಿನಲ್ಲಿ. ತವರಿನಲ್ಲಿ ಬಿದ್ದವರೆಲ್ಲ ಹಾಳೆಯ ಮೇಲೆ ಆರಾಮ ಇದ್ದರು. ಯಂತ್ರ ತನಗೆ ಕಲಿಸಿದ್ದನ್ನು ಚಾಚೂ ತಪ್ಪದೆ ಕಲಿತಿತ್ತು. ಆಮೇಲಿನ ಎರಡು ವರ್ಷದಲ್ಲಿ ಹಸಿರು ಚೀಟಿಯವರು ಅಲ್ಲೊಬ್ಬಳು ಇಲ್ಲೊಬ್ಬಳು ಬೇರೆ ಬೇರೆ ತಾಲೂಕಿನ ತವರುಗಳಲ್ಲಿ ಸತ್ತಿದ್ದರೆ, ಅವರವರ ಮನೆಯವರು ಹಣೆಬರಹ ಅಂದುಕೊಂಡಿರುತ್ತಾರೆ. ಯಾವ ಪಟ್ಟಿಯಲ್ಲೂ ಅವರು ಒಟ್ಟಿಗೆ ಸೇರಿರುವುದಿಲ್ಲ.

ಮೇಡಂ ತಮ್ಮ ಕೋಣೆಯಲ್ಲಿದ್ದರು. ನೀಲಗಂಗಾ ಹಾಳೆಯನ್ನು ಮೇಜಿನ ಮೇಲೆ ಇಟ್ಟಳು.

"ನಾ ಬರದದ್ದ ತವರು ಅಂತ. ಎಲ್ಲಿ ಹೋತ್ರಿ ಅದು?"

ಮೇಡಂ ಹಾಳೆ ನೋಡಿದರು, ಕನ್ನಡಕ ತೆಗೆದು ಇಟ್ಟರು. "ಬಾಗಲಾ ಹಾಕು ನೀಲಾ."

"ತೆರದ ಇರ್ಲಿ ಬಿಡ್ರಿ."

"ಎರಡು ಸಾವಿರದಾಗ ಆರ್ನೂರಾ ಹನ್ನೆರಡು ಮಂದಿ ಸುದ್ದಿ ಗೊತ್ತಿಲ್ಲ ಅಂತ ಕಳಿಸಿದ್ರ ಯಾರೂ ಮಂಜೂರಿ ಕೊಡ್ತಿರಲಿಲ್ಲ. ಇನ್ನೊಂದು ವರ್ಷ ಹಿಡೀತಿತ್ತು. ಆ ವರ್ಷದಾಗ ಎಷ್ಟ ಮಂದಿ ಸಾಯ್ತಿದ್ರು ಹೇಳು? ಕೆಂಪ ಚೀಟಿ ಕೊಟ್ಟು ನಾವು ಉಳಿಸಿದವರು ಸುಳ್ಳೇನು?"

"ಕೆಂಪಿನ ಮಾತು ಕೇಳಾಕತ್ತಿಲ್ಲ. ಇವರೆಲ್ಲ ಆರಾಮ ಅದಾರಂತ ನಿಮಗ ಯಾರು ಹೇಳಿದ್ರು?"

"ಅತ್ತೀ ಮನಿಯವರು ಹೇಳಿದ್ರಲ್ಲ. ಫೋನಿನಾಗ ಕೇಳಿದಾಕಿ ನೀನ."

"ಅತ್ತೆಂದಿರ ಮಾತು ಎಂಥಾದ್ದಂತ ನಿಮಗ ಗೊತ್ತಿತ್ತು. ಗೊತ್ತಿದ್ದಕ್ಕ ಅನುಪಮಾನ್ನ ಕಾಪುಮನ್ಯಾಗ ಬಚ್ಚಿಟ್ರಿ. ಹಸಿರ ಬಂದಿತ್ತಲ್ರೀ ಆಕಿಗೂ? ಪೇಢೆ ತಿಂದೀನಿ ನಾನು."

ಮೇಡಂ ಅವರ ಕಣ್ಣು ಒದ್ದೆಯಾದದ್ದು ನಿಜ. "ತಾಯಿ ಜೀವ, ನೀಲಾ. ಅನುಮಾನ ಅನ್ನೋದು ಒಂದಿತ್ತು. ಬರೇ ಅನುಮಾನ."

"ನನ್ನ ತಂಗೀಗೂ ಒಬ್ಬಾಕಿ ತಾಯಿ ಅದಾಳ್ರಿ. ಆಕಿಗೂ ಒಂದು ಅನುಮಾನ ಹೇಳಬೇಕಿತ್ತು. ರೋಹಿಣಿ ಇದ ಬಾಗಲಾ ದಾಟಿ ಬಂದು ನಿಮ್ಮ ಕಾಲ ಮುಟ್ಟಿ ನಮಸ್ಕಾರ ಮಾಡಿದ್ಲು. ಚಲೋ ಆಗ್ಲಿ ಅಂದ್ರಿ. ಅವತ್ತ ಒಂದ ಮಾತು ನನಗ ಹೇಳಿದ್ರ ಸಾಕಾಗಿತ್ತು."

ಮೇಡಂ ಬಾಯಿಂದ ಬಂದದ್ದು ಬೇರೆ ಮಾತು. ತಗ್ಗಿದ ದನಿಯಲ್ಲಿ, ಹಳೆಯ ಪ್ರೀತಿಯಿಂದಲೇ ಬಂತು.

"ಹಾಳಿ ಕೆಳಗ ಸಹಿ ನಿಂದ ಅದ. ಹೊರಗ ಬಿದ್ರ ಮೊದಲ ನಿನ್ನ ಹಿಡೀತಾರ. ನಿನ್ನ ಒಳ್ಳೇದಕ್ಕ ಹೇಳಾಕತ್ತೀನಿ. ಒಂದು ತಿಂಗಳು ಕೊಡು, ಯಂತ್ರ ಒಳಗಿಂದೊಳಗ ತಿದ್ದತೀನಿ."

ಕಾಲಂ ಪೆನ್ಸಿಲ್ಲಿನಲ್ಲಿ, ಸಹಿ ಪೆನ್ನಿನಲ್ಲಿ. ಆ ರೂಢಿ ಯಾಕೆ ಬಂತು ಅನ್ನುವುದು ನೀಲಗಂಗಾಳಿಗೆ ಆಗ ಹೊಳೆಯಿತು. ಅತ್ತರೂ ಇವರ ಮುಂದೆ ಅಳಬಾರದು ಅಂದುಕೊಂಡು ಹಾಳೆ ಎತ್ತಿಕೊಂಡು ಹೊರಗೆ ಬಂದಳು.

ಒಂದು ತಿಂಗಳೆಂದರೆ ಬೆಟಗೇರಿಯ ಕೌಂಟರಿನಲ್ಲೇ ಸಾವಿರ ಹಸಿರು ಚೀಟಿ. ಅವಳು ಕಾಪುಮನೆಯ ಬೆಂಚಿನ ಮೇಲೆ ಲ್ಯಾಬಿನಿಂದ ತಂದ ಕಟ್ಟು ಬಿಚ್ಚಿ ಕೂತು, ಒಳಗೆ ತಂಗಿ ನಳಿಗೆಯ ಮೂಲಕ ಉಸಿರಾಡುತ್ತಿದ್ದಾಗ, ಫೋನು ಮಾಡತೊಡಗಿದಳು. ಅತ್ತೆಯರಿಂದ ತವರಿನ ನಂಬರು ಇಸಿದುಕೊಂಡಳು. ತವರಿಗೆ ಹಚ್ಚಿದಳು. ಮೂರು ದಿನದಲ್ಲಿ ನೂರಾ ಎಂಬತ್ತು ತವರುಗಳು ಸಿಕ್ಕವು. ಅಲ್ಲಿ ಇಪ್ಪತ್ತೇಳು ಹೆಣ್ಣುಮಕ್ಕಳು ಆ ಜ್ವರದಲ್ಲೇ ತೀರಿಕೊಂಡಿದ್ದರು. ಮುಂಡರಗಿಯ ಕಡೆಯ ಒಬ್ಬಳು ತಾಯಿ "ನಾಕ ವರ್ಷ ಆತವ್ವಾ. ಯಾರೂ ಕೇಳಿದ್ದಿಲ್ಲ. ನೀ ಕೇಳಿದಿ" ಅಂದಳು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ನಾಲ್ಕನೆಯ ದಿನ ಅವಳು ಇಪ್ಪತ್ತೇಳು ಹೆಸರು, ಉಜ್ಜಿದ ಹಾಳೆಗಳ ಫೋಟೊ, ಕೆಳಗೆ ತನ್ನ ಹೆಸರು ವಿಳಾಸ ಎಲ್ಲ ಹಾಕಿ ಆರೋಗ್ಯ ಇಲಾಖೆಗೂ ಎರಡು ಪತ್ರಿಕೆಗಳಿಗೂ ಕಳಿಸಿದಳು. ವಾರದೊಳಗೆ ಯಂತ್ರಗಳು ನಿಂತವು. ಹಸಿರು ಚೀಟಿಯವರಿಗೂ ಚುಚ್ಚುಮದ್ದು ಕೊಡಬೇಕೆಂದು ಆದೇಶ ಬಂತು. ಪತ್ರಿಕೆಯಲ್ಲಿ ಡಾಕ್ಟರ್ ವಿಜಯಮಾಲಾ ಅವರ ಹೇಳಿಕೆಯೂ ಬಂತು: ದಾಖಲೆ ಬರೆಯುತ್ತಿದ್ದ ಟೆಕ್ನೀಷಿಯನ್ ಒಬ್ಬರ ನಿರ್ಲಕ್ಷ್ಯದಿಂದ ಈ ದೋಷ ನುಸುಳಿದೆ, ತಾವು ಅವರ ಮೇಲೆ ಇಟ್ಟ ವಿಶ್ವಾಸಕ್ಕೆ ದ್ರೋಹವಾಗಿದೆ. ದ್ರೋಹ ಎಂಬ ಆ ಮಾತನ್ನು ನೀಲಗಂಗಾ ಎರಡು ಸಲ ಓದಿದಳು. ಅಮಾನತಿನ ಪತ್ರ ಅದೇ ದಿನ ಕೈಸೇರಿತು.

ರೋಹಿಣಿ ಉಳಿದಳು. ಆಪರೇಷನ್ ಮಾಡಿ ತೆಗೆದ ಗಂಡುಕೂಸು ಆರು ತಾಸು ಇದ್ದು ಹೋಯಿತು. ಅವಳಿಗೆ ಎಚ್ಚರವಾಗಿ, ಮಾತಾಡುವಷ್ಟು ಉಸಿರು ಬರಲು ಹನ್ನೆರಡು ದಿನ ಬೇಕಾಯಿತು. ಕೂಸಿನ ಸುದ್ದಿಯನ್ನು ಅವ್ವ ಹೇಳಿದಳು. ಉಳಿದದ್ದನ್ನು ತಾನೇ ಹೇಳಬೇಕೆಂದು ನೀಲಗಂಗಾ ಹಾಸಿಗೆಯ ಪಕ್ಕದ ಸ್ಟೂಲಿನಲ್ಲಿ ಕೂತು ಮೊದಲಿಂದ ಕೊನೆಯವರೆಗೂ ಹೇಳಿದಳು, ಯಾವುದನ್ನೂ ಮುಚ್ಚಲಿಲ್ಲ.

ರೋಹಿಣಿ ಮೇಲೆ ತಿರುಗುವ ಫ್ಯಾನು ನೋಡುತ್ತ ಕೇಳಿದಳು. "ತಿದ್ದಿದಾಕಿ ನೀ ಅಲ್ಲ."

"ಅಲ್ಲ."

"ನಿನಗ ಗೊತ್ತಿದ್ದಿಲ್ಲ."

"ನಿನ್ನಾಣಿ, ಗೊತ್ತಿದ್ದಿಲ್ಲ ರೋಹಿಣಿ."

"ಹೂಂ." ಅವಳು ಒಂದೆರಡು ಉಸಿರು ಕೂಡಿಸಿಕೊಂಡಳು. "ಅವತ್ತ ಮುಂಜಾನೆ ನಾ ಉಸಿರ ಹತ್ತವಲ್ದು ಅಂದೆ. ನೀ ನನ್ನ ಮಾರಿ ನೋಡಲಿಲ್ಲಕ್ಕಾ. ಚೀಟಿ ನೋಡಿದಿ."

ನೀಲಗಂಗಾ ಸ್ಟೂಲನ್ನು ಹಾಸಿಗೆಗೆ ಇನ್ನಷ್ಟು ಹತ್ತಿರ ಎಳೆದಳು.

ಅಷ್ಟರಲ್ಲಿ ದಿಲ್ಶಾದ್ ಸಿಸ್ಟರ್ ಟ್ರೇ ಹಿಡಿದು ಬಂದಳು. ರಕ್ತ ಪರೀಕ್ಷೆಗೆ ಕಳಿಸಬೇಕಿತ್ತು. ಹನ್ನೆರಡು ದಿನ ಚುಚ್ಚಿ ಚುಚ್ಚಿ ರೋಹಿಣಿಯ ನರಗಳೆಲ್ಲ ಅಡಗಿಹೋಗಿದ್ದವು. "ಅಕ್ಕಾರ, ನೀವ ತಗೀರಿ. ನಿಮ್ಮ ಕೈ ಹಗೂರ" ಎಂದು ಅವಳು ಸಿರಿಂಜನ್ನು ನೀಲಗಂಗಾಳ ಕೈಗೆ ಕೊಟ್ಟಳು.

ರೋಹಿಣಿ ತೋಳನ್ನು ಮೆಲ್ಲಗೆ ಹೊದಿಕೆಯೊಳಗೆ ಎಳೆದುಕೊಂಡಳು.

"ಬ್ಯಾಡ ಸಿಸ್ಟರ್. ನೋವಾದ್ರೂ ಅಡ್ಡಿಯಿಲ್ಲ, ನೀವ ತಗೀರಿ."

ನೀಲಗಂಗಾ ಸಿರಿಂಜನ್ನು ಟ್ರೇಯಲ್ಲಿ ಇಟ್ಟಳು. ಸ್ಟೂಲು ಬಿಟ್ಟು ಎದ್ದು, ದಿಲ್ಶಾದಳಿಗೆ ಕೂರಲು ಜಾಗ ಮಾಡಿಕೊಟ್ಟು, ಬಾಗಿಲಿನ ಹೊರಗೆ ಹೋಗಿ ನಿಂತಳು.